ಉಪನಿಷತ್ತು, ಕ್ವಾಂಟಮ್ ಮತ್ತು ‘ಪ್ಲೀಸ್ ಡಿಸ್ಕಸ್’

ಅರ್ಥವಾಗದ ಎರಡು ವಿಷಯಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಎರಡೂ ಅರ್ಥವಾದಂತೆ ಕಾಣುತ್ತವೆ. ಈ ಗುಟ್ಟು ನನಗೆ ತಿಳಿದದ್ದು ಐವತ್ತೈದು ದಾಟಿದ ಮೇಲೆ. ಉಪನಿಷತ್ತು ಓದಿದರೆ ನಿದ್ದೆ ಬರುತ್ತಿತ್ತು, ಕ್ವಾಂಟಮ್ ವಿಜ್ಞಾನದ ವಿಡಿಯೋ ನೋಡಿದರೆ ತಲೆ ನೋಯುತ್ತಿತ್ತು. ‘ಎರಡೂ ಒಂದೇ’ ಎಂದು ಯಾರೋ ವಾಟ್ಸ್ಯಾಪಿನಲ್ಲಿ ಕಳಿಸಿದ್ದೇ ತಡ, ನಿದ್ದೆ, ತಲೆನೋವು ಎರಡೂ ಹಾರಿಹೋಗಿ ನಾನು ಜ್ಞಾನಿಯಾದೆ.

ಜ್ಞಾನಿಯಾದವನು ಬಾಯಿ ಮುಚ್ಚಿಕೊಂಡಿರಬಹುದಿತ್ತು. ದೇಶದ ರಾಜಧಾನಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನ ಕನ್ನಡಿಗರು ನಾವು ತಿಂಗಳಿಗೊಂದು ಭಾನುವಾರ ಸೇರಿ ಉಪ್ಪಿಟ್ಟು ತಿಂದು ಉಪನ್ಯಾಸ ಕೇಳುತ್ತೇವೆ. ಅಲ್ಲಿ ಬಾಯಿ ತಪ್ಪಿ, “ಎಲೆಕ್ಟ್ರಾನಿನ ವಿಷಯ ನಮ್ಮ ಋಷಿಗಳಿಗೆ ಆಗಲೇ ಗೊತ್ತಿತ್ತು” ಎಂದುಬಿಟ್ಟೆ. “ಹಾಗಿದ್ರೆ ಮುಂದಿನ ಉಪನ್ಯಾಸ ನಿಮ್ದೇ ಸಾರ್” ಎಂದರು ಎದುರು ಬ್ಲಾಕಿನ ಶಾಮರಾಯರು. ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ನೆನಪಾಯಿತು, ಕೇಳಲು ನನ್ನ ಮಗಳು ಮೇಘನಾಳೂ ಬರುತ್ತಾಳೆ. ಅವಳು ಇಲ್ಲೇ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ನೆರೆಯವರ ಮುಂದೆ ಮಾನ ಹೋದರೆ ವರ್ಗಾವಣೆ ಕೇಳಬಹುದು, ಮಗಳ ಮುಂದೆ ಹೋದರೆ ಎಲ್ಲಿಗೆ ಹೋಗುವುದು?

ಸಚಿವಾಲಯದಲ್ಲಿ ಮೂವತ್ತು ವರ್ಷ ಫೈಲುಗಳ ಜೊತೆ ಬಾಳಿದ ನನಗೊಂದು ಚಟ. ಮೇಲಿನವರ ಸಹಿ ಇಲ್ಲದೆ ಒಂದು ಚೀಟಿಯನ್ನೂ ಹೊರಗೆ ಬಿಡುವವನಲ್ಲ. ಎಂಟು ಪುಟದ ಭಾಷಣವನ್ನು ಫೈಲಿಗೆ ಹಾಕಿ, ದಾರ ಕಟ್ಟಿ, ‘ಅನುಮೋದನೆಗಾಗಿ’ ಎಂದು ಬರೆದು ಮಗಳ ಮೇಜಿನ ಮೇಲಿಟ್ಟೆ. ಮೂರನೆಯ ದಿನ ಅದು ವಾಪಸು ಬಂತು. ಅಂಚಿನಲ್ಲಿ ಎರಡೇ ಪದ: ‘ಪ್ಲೀಸ್ ಡಿಸ್ಕಸ್’. ನಮ್ಮ ಕಚೇರಿಯಲ್ಲಿ ಫೈಲು ಅರ್ಥವಾಗದ ಸಾಹೇಬರು ಮಾನ ಉಳಿಸಿಕೊಳ್ಳಲು ಬರೆಯುವ ಮಾತು ಅದು. ಆಮೇಲೆ ಕರೆಸಿಕೊಂಡು ನಮ್ಮ ಬಾಯಿಂದಲೇ ತಿಳಿದುಕೊಳ್ಳುತ್ತಾರೆ. ನಾನು ಹಿಗ್ಗಿ ಹೀರೇಕಾಯಿಯಾದೆ. ಪಿಎಚ್‌ಡಿ ಹುಡುಗಿಗೇ ತಿಳಿಯದಷ್ಟು ಆಳವಾಗಿ ಬರೆದಿದ್ದೇನೆ!

“ಬಾಮ್ಮ, ಎಲ್ಲಿ ಅರ್ಥ ಆಗ್ಲಿಲ್ಲ ಹೇಳು” ಎಂದೆ.

“ಅರ್ಥ ಆಯ್ತಪ್ಪಾ, ಅದೇ ಪ್ರಾಬ್ಲಮ್” ಎಂದಳು. “ನೋಡೋನಿಂದ ಜಗತ್ತು ಬದಲಾಗುತ್ತೆ ಅಂತ ಬರ್ದಿದ್ದೀರ. ನಮ್ಮಲ್ಲಿ ನೋಡೋದು ಅಂದ್ರೆ ಅಳೆಯೋದು. ಅದಕ್ಕೆ ಆತ್ಮ ಬೇಡ, ಒಂದು ಮಷೀನ್ ಸಾಕು. ಋಷಿಗಳ ಪ್ರಶ್ನೆ ಬೇರೆ, ನಮ್ದು ಬೇರೆ. ಥೋಡಾ ಹೋಲುತ್ತೆ, ಬಸ್, ಅಷ್ಟೇ. ಹೋಲಿದ್ರೆ ಒಂದೇ ಆಗ್ಬಿಡುತ್ತಾ?”

“ಅಚ್ಛಾ! ಹಾಗಿದ್ರೆ ನೀನು ಅಲ್ಲಿ ಅಳೆಯೋದಾದ್ರೂ ಏನನ್ನ?” ಎಂದು ಸಿಡುಕಿದೆ.

ಅವಳು ನನ್ನನ್ನೇ ನೋಡಿದಳು. “ನಾಲ್ಕು ವರ್ಷ ಆಯ್ತಪ್ಪಾ. ಇವತ್ತು ಫಸ್ಟ್ ಟೈಮ್ ಕೇಳ್ತಿದ್ದೀರ.”

ನಿಜಕ್ಕೂ ನಾಚಿಕೆಯಾಯಿತು. ಸೃಷ್ಟಿಯೆಲ್ಲ ಒಂದೇ ಎಂದು ಎಂಟು ಪುಟ ಬರೆದವನಿಗೆ ಪಕ್ಕದ ಕೋಣೆಯ ಸಮಾಚಾರ ಗೊತ್ತಿರಲಿಲ್ಲ. ಲೇಸರ್ ಬೆಳಕಿನಿಂದ ಪರಮಾಣುಗಳನ್ನು ತಣ್ಣಗೆ ಮಾಡುವ ಕತೆಯನ್ನು ಅವಳು ಒಂದು ಗಂಟೆ ಹೇಳಿದಳು. ಕಾಲು ಭಾಗ ತಿಳಿಯಿತು. ನನ್ನ ಟೀ ಮಾತ್ರ ಯಾವ ಲೇಸರೂ ಇಲ್ಲದೆ ತಣ್ಣಗಾಗಿತ್ತು.

ಭಾನುವಾರ ಎಂಟು ಪುಟಗಳಲ್ಲಿ ಆರು ಮನೆಯಲ್ಲೇ ಉಳಿದವು. ಭಾಷಣ ಮುಗಿದ ಮೇಲೆ ಶಾಮರಾಯರು ಎದ್ದು, “ಅದೆಲ್ಲ ಇರ್ಲಿ ಸಾರ್, ಎರಡೂ ಒಂದೇ ಹೌದೋ ಅಲ್ವೋ?” ಎಂದರು. ಮಗಳ ಕಡೆ ನೋಡಿದೆ. ಹುಬ್ಬು ಮೇಲೇರಿತ್ತು. “ವಿಷಯ ಪರಿಶೀಲನೆಯಲ್ಲಿದೆ” ಎಂದೆ. ಕೂತವರೆಲ್ಲ ಸರ್ಕಾರಿ ನೌಕರರು. ಇಷ್ಟು ಸ್ಪಷ್ಟವಾದ ಉತ್ತರಕ್ಕೆ ಮನಸಾರೆ ಚಪ್ಪಾಳೆ ತಟ್ಟಿದರು.

ಮೊನ್ನೆ ಮೇಘನಾ ತನ್ನ ಪಿಎಚ್‌ಡಿ ಪ್ರಬಂಧದ ಮೊದಲ ಅಧ್ಯಾಯವನ್ನು ಫೈಲಿಗೆ ಹಾಕಿ, ದಾರ ಕಟ್ಟಿ, ನನ್ನ ಮೇಜಿನ ಮೇಲಿಟ್ಟಿದ್ದಳು. ಮೂರು ಸಲ ಓದಿದೆ. ಒಂದು ಸಾಲೂ ತಲೆಗೆ ಹತ್ತಲಿಲ್ಲ. ಕನ್ನಡಕ ಒರೆಸಿಕೊಂಡು, ದೊಡ್ಡ ಸಾಹೇಬರ ಗಾಂಭೀರ್ಯದಿಂದ ಅಂಚಿನಲ್ಲಿ ಬರೆದೆ: ‘ಪ್ಲೀಸ್ ಡಿಸ್ಕಸ್’.