ದುಡ್ಡು ಮುಟ್ಟದ ಹನ್ನೊಂದು ದಿನ

ದುಡ್ಡನ್ನು ಮುಟ್ಟದೆ ಒಂದು ತಿಂಗಳು ಬದುಕುವುದು ನನ್ನಂಥ ಓದಿದವನಿಗೆ ಏನೇನೂ ಕಷ್ಟವಲ್ಲ ಎಂದು ನಂಬಿದ್ದೆ. ಹನ್ನೊಂದು ದಿನ ಬದುಕಿಯೂ ಬಿಟ್ಟೆ. ಬದುಕಿದೆ ಎಂದುಕೊಂಡಿದ್ದೆ ಎನ್ನುವುದು ಹೆಚ್ಚು ಸರಿ.

ಈ ವಿಷಯದಲ್ಲಿ ನನ್ನ ನೆನಪನ್ನು ಪೂರ್ತಿ ನಂಬಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ. ಸರಳ ಜೀವನದ ಮೇಲೆ ಯಾರೋ ಮಹನೀಯರು ಮಾಡಿದ ಭಾಷಣ ಕೇಳಿ, ಮನಸ್ಸು ಕರಗಿ, ನಾನು ಈ ವ್ರತ ಹಿಡಿದೆ ಎಂದು ಬಹಳ ವರ್ಷ ಹೇಳಿಕೊಂಡು ಬಂದೆ. ಭಾಷಣಕಾರರ ಕನ್ನಡಕವನ್ನೂ ವರ್ಣಿಸುತ್ತಿದ್ದೆ. ಒಂದು ದಿನ ನನ್ನ ಹೆಂಡತಿ ಜಯಮ್ಮ ಅಕ್ಕಿ ಆರಿಸುತ್ತಾ, "ಆ ಭಾಷಣದ ದಿನ ನಿಮಗೆ ಜ್ವರ. ಮಲಗಿದ್ರಿ" ಎಂದಳು. ಅಂದಿನಿಂದ ಕನ್ನಡಕ ಬಿಟ್ಟೆ. ಆಮೇಲೆ ಭಾಷಣವನ್ನೂ ಬಿಟ್ಟೆ. ಈಗ ಉಳಿದಿರುವುದು ಬೆಂಕಿಪೊಟ್ಟಣ ಮಾತ್ರ.

ಅದು ಯುದ್ಧದ ಕಾಲ. ಮುಳಬಾಗಿಲಿನಲ್ಲಿ ಚಿಲ್ಲರೆ ಕಾಸು ಮಾಯವಾಗಿತ್ತು. ಯಾರ ಮನೆಯ ಗಡಿಗೆಯಲ್ಲಿ ಅಡಗಿದೆಯೋ ಎಂದು ಒಬ್ಬರು ಇನ್ನೊಬ್ಬರನ್ನು ಅನುಮಾನದಿಂದ ನೋಡುತ್ತಿದ್ದರು. ಕೋದಂಡಯ್ಯ ಶೆಟ್ಟರ ಅಂಗಡಿಯಲ್ಲಿ ನೋಟು ಕೊಟ್ಟರೆ ಚಿಲ್ಲರೆಯ ಬದಲು ಬೆಂಕಿಪೊಟ್ಟಣ ಬರುತ್ತಿತ್ತು. ಹಾಗೆ ಬಂದದ್ದೇ ನಮ್ಮ ಮನೆಯಲ್ಲಿ ಒಂದು ಪೆಟ್ಟಿಗೆ ತುಂಬಿತ್ತು. ಒಂದು ಸಲ ಉಪ್ಪು ತರಲು ಹೋದವನು ಉಪ್ಪು, ಆರು ಬೆಂಕಿಪೊಟ್ಟಣ ಮತ್ತು ಒಂದು ಬಾಚಣಿಗೆ ತಂದೆ. ನಮ್ಮ ಮನೆಯಲ್ಲಿ ಯಾರೂ ಬೀಡಿ ಸೇದುವುದಿಲ್ಲ. ನನ್ನ ತಲೆಯಲ್ಲಿ ಕೂದಲಿಲ್ಲ.

ಆ ಬಾಚಣಿಗೆಯನ್ನು ಕೈಯಲ್ಲಿ ಹಿಡಿದಾಗಲೇ ನನಗೆ ಜ್ಞಾನೋದಯವಾಯಿತು. ಮನುಷ್ಯ ಬೇಡದ್ದನ್ನೆಲ್ಲ ಕೊಳ್ಳುವುದು ಕೈಯಲ್ಲಿ ದುಡ್ಡಿರುವುದರಿಂದ! ಆದ್ದರಿಂದ ಒಂದು ತಿಂಗಳ ಕಾಲ ನಾಣ್ಯವನ್ನಾಗಲಿ ನೋಟನ್ನಾಗಲಿ ಮುಟ್ಟತಕ್ಕದ್ದಲ್ಲ, ಅಂಗಡಿಯ ಮೆಟ್ಟಿಲು ಹತ್ತತಕ್ಕದ್ದಲ್ಲ, ಸಕಲ ವ್ಯವಹಾರವೂ ಮನೆಯ ರಾಗಿಯ ಮೂಲಕವೇ ನಡೆಯತಕ್ಕದ್ದು ಎಂದು ಮನೆಯಲ್ಲಿ ಘೋಷಿಸಿದೆ. ವಾರಕ್ಕೆ ಕೊಟ್ಟ ಹೊಲದಿಂದ ನಮ್ಮ ಪಾಲಿಗೆ ಬಂದ ರಾಗಿ ದೊಡ್ಡ ಗುಡಾಣದ ತುಂಬ ಇತ್ತು.

ಜಯಮ್ಮ ಕೇಳಿದ್ದು ಒಂದೇ ಮಾತು. "ಗೌರಿದು ಏನ್ ಮಾಡ್ತೀರಾ?"

ಗೌರಿ ನನ್ನ ತಂಗಿ. ಎರಡು ಸಂಬಂಧ ಮಾತಿಗೆ ಬಂದು ಮುರಿದಿದ್ದವು. ಮೂರನೆಯದು ಗೌನಿಪಲ್ಲಿಯದು. ಮಾವಿನ ತೋಪಿನ ಮುನಿಸ್ವಾಮಪ್ಪನವರ ಮಗ. ಹುಡುಗ ಹುಡುಗಿ ಒಪ್ಪಿ ಆಗಿತ್ತು, ಹುಡುಗನಿಗೆ ಕೊಡುವ ಹಣದ ಮಾತೂ ಮುಗಿದಿತ್ತು. ವ್ರತದ ಹನ್ನೊಂದನೆಯ ದಿನಕ್ಕೆ ಸರಿಯಾಗಿ ಮುನಿಸ್ವಾಮಪ್ಪನವರು ಬಂದು ತಾಂಬೂಲ ಸ್ವೀಕರಿಸುವುದೊಂದು ಬಾಕಿ. ಇದೂ ಕೈತಪ್ಪಿದರೆ ನಾಲ್ಕನೆಯವರು ನಮ್ಮ ಬೀದಿಗೆ ಕಾಲಿಡುವುದಿಲ್ಲ ಎಂದು ಜಯಮ್ಮ ಲೆಕ್ಕ ಹಾಕಿದ್ದಳು. ತಾಂಬೂಲಕ್ಕೂ ವ್ರತಕ್ಕೂ ಏನು ಸಂಬಂಧ ಕಣೇ ಎಂದು ನಾನು ನಕ್ಕೆ. ಗೌರಿ ನಗಲಿಲ್ಲ.

ಸಂಬಳದ ದಿನ ಶಾಲೆಯ ಗುಮಾಸ್ತರಿಗೆ ಒಂದು ಪತ್ರ ಬರೆದುಕೊಟ್ಟೆ: ಈ ತಿಂಗಳ ನನ್ನ ಸಂಬಳವನ್ನು ದಯಮಾಡಿ ತಾವೇ ಇಟ್ಟುಕೊಂಡಿರಬೇಕಾಗಿ ವಿನಂತಿ. ಅವರು ಪತ್ರವನ್ನು ಎರಡು ಸಲ ಓದಿದರು. ನೋಟುಗಳನ್ನು ಬೆಳಕಿಗೆ ಹಿಡಿದು ನೋಡಿದರು. ನನ್ನ ಮುಖವನ್ನೂ ಬೆಳಕಿಗೆ ಹಿಡಿಯಬೇಕೆನ್ನುವ ಹಾಗೆ ನೋಡಿದರು.

ಅಲ್ಲಿಂದ ಶುರು. ನಾನು ದಿನಾ ಪತ್ರಿಕೆ ಓದುವವನು ಎಂದು ಊರಿಗೆಲ್ಲ ಗೊತ್ತು. ಪತ್ರಿಕೆ ಓದುವವನು ಸಂಬಳ ಬೇಡ ಎನ್ನುತ್ತಾನೆ ಎಂದರೆ ನೋಟು ರದ್ದಾಗಲಿದೆ, ಮೇಷ್ಟರಿಗೆ ಸುಳಿವು ಸಿಕ್ಕಿದೆ! ಎರಡು ದಿನದಲ್ಲಿ ಶೆಟ್ಟರೇ ಮನೆಗೆ ಬಂದು ಜಗಲಿಯಲ್ಲಿ ಕೂತರು. ಮಳೆ, ಬೆಳೆ, ನನ್ನ ಆರೋಗ್ಯ ವಿಚಾರಿಸಿದರು. ಕೊನೆಗೆ ದನಿ ತಗ್ಗಿಸಿ, "ನಮ್ಮಂಥೋರಿಗೆ ಒಂದ್ ಮಾತು ಹೇಳ್ಬಾರ್ದಾ ಮೇಷ್ಟ್ರೇ?" ಎಂದರು. ಏನೂ ಇಲ್ಲ ಶೆಟ್ಟರೆ, ಇದು ಬರೀ ವ್ರತ ಎಂದು ಎದೆ ಮುಟ್ಟಿ ಹೇಳಿದೆ. ನಾನು ಬಿಡಿಸಿ ಹೇಳಿದಷ್ಟೂ ಅವರ ಮುಖ ಬಿಳಿಚಿಕೊಂಡಿತು. ಇಷ್ಟು ಬಲವಾಗಿ ಇಲ್ಲ ಎನ್ನುವುದಾದರೆ ಇರಲೇಬೇಕು. ಅಲ್ಲದೆ ನಮ್ಮ ಮನೆಯವರು ನೋಟು ಮುರಿಸುವುದನ್ನೇ ನಿಲ್ಲಿಸಿದ್ದಾರೆ ಎಂದು ಅವರು ಏನೋ ಗೊಣಗಿದರು. ನಾನು ಅದಕ್ಕೆ ಕಿವಿಗೊಡಲಿಲ್ಲ. ಕಿವಿಗೊಡಬೇಕಾಗಿತ್ತು.

ವಾರ ಕಳೆಯುವುದರಲ್ಲಿ ಬೀದಿಯಲ್ಲಿ ನನಗೆ ನಮಸ್ಕರಿಸುವವರು ಹೆಚ್ಚಾದರು, ನಂಬುವವರು ಕಡಿಮೆಯಾದರು. ಇಷ್ಟು ಜನ ಹೇಳುವಾಗ ಇದ್ದರೂ ಇರಬಹುದೇ ಎಂದು ಹಳೆಯ ಪತ್ರಿಕೆಗಳನ್ನೆಲ್ಲ ಹರವಿಕೊಂಡು ನಾನೇ ಒಂದು ಮಧ್ಯಾಹ್ನ ಹುಡುಕಿದೆ. ಅದನ್ನು ಪಕ್ಕದ ಮನೆಯವರು ಕಿಟಕಿಯಿಂದ ನೋಡಿದರು.

ಆದರೆ ಮನೆಯೊಳಗೆ ವ್ರತ ದಿವ್ಯವಾಗಿ ಸಾಗಿತ್ತು. ದಿನಾ ಬೆಳಿಗ್ಗೆ ಮೂರು ಸೇರು ರಾಗಿ ಅಳೆದು ಮೊರಕ್ಕೆ ಹಾಕಿ ಜಯಮ್ಮನಿಗೆ ಕೊಡುತ್ತಿದ್ದೆ. ಅವಳು ಮುಂಬಾಗಿಲಿನಿಂದ ಹೋಗಿ ಬೆಲ್ಲ, ಎಣ್ಣೆ, ಕಾಫಿಪುಡಿ ತರುತ್ತಿದ್ದಳು. ಆಶ್ಚರ್ಯವೆಂದರೆ ಗುಡಾಣದ ರಾಗಿ ಇಳಿಯಲೇ ಇಲ್ಲ! ವಿನಿಮಯ ಪದ್ಧತಿಯ ಶ್ರೇಷ್ಠತೆಗೆ ಇದಕ್ಕಿಂತ ಪುರಾವೆ ಬೇಕೇ ಎಂದು ಒಂದು ಪ್ರಬಂಧ ಬರೆಯಲು ಶುರುಮಾಡಿದೆ.

ಹನ್ನೊಂದನೆಯ ದಿನ ಮುನಿಸ್ವಾಮಪ್ಪನವರು ಬಂದರು. ಮಾತು ಗಟ್ಟಿಯಾಗಬೇಕಾದರೆ ಹೆಣ್ಣಿನ ಕಡೆಯ ಹಿರಿಯ ಎಲೆ ಅಡಿಕೆಯ ಮೇಲೆ ಒಂದು ಬೆಳ್ಳಿ ರೂಪಾಯಿ ಇಟ್ಟು ತಟ್ಟೆ ಕೊಡಬೇಕು. ಅದು ನಮ್ಮ ಕಡೆಯ ಪದ್ಧತಿ. ನಾನು ರೂಪಾಯಿಯ ಜಾಗದಲ್ಲಿ ಒಂದು ಹಿಡಿ ರಾಗಿ ಇಟ್ಟು ಗಂಭೀರವಾಗಿ ತಟ್ಟೆ ಚಾಚಿದೆ. ಅಡಿಗೆಮನೆಯಲ್ಲಿ ಒಂದು ಪಾತ್ರೆ ಬಿತ್ತು.

ಮುನಿಸ್ವಾಮಪ್ಪನವರು ಕೋಪಿಸಿಕೊಳ್ಳಲಿಲ್ಲ. ರಾಗಿಯನ್ನು ನೋಡಿ ನಿಧಾನವಾಗಿ ತಲೆದೂಗಿದರು.

"ಶೆಟ್ಟರು ಹೇಳ್ದಾಗ ನಂಬಿರ್ಲಿಲ್ಲ. ಈಗ ನಂಬ್ದೆ. ನೀವು ಮಾತಾಡಿದ್ದ ನೋಟು ನಮಗೆ ವದ್ದು ಮೇಷ್ಟ್ರೇ. ಬೇಡವೇ ಬೇಡ."

ಕೊಡುವ ಹಣ ಬೇಡ! ನನ್ನ ತತ್ವಕ್ಕೆ ಗೌನಿಪಲ್ಲಿಯವರೆಗೂ ಶಿಷ್ಯರು ಹುಟ್ಟಿದರೆಂದು ನಾನು ಎದ್ದು ಅವರನ್ನು ಅಪ್ಪಿಕೊಳ್ಳುವುದರಲ್ಲಿದ್ದೆ.

"ವಸ್ತು ಕೊಟ್ಬಿಡಿ" ಎಂದು ಅವರು ಬೆರಳು ಮಡಚತೊಡಗಿದರು. ಹುಡುಗನಿಗೆ ಸೈಕಲ್ಲು. ಕೈಗಡಿಯಾರ. ಗ್ರಾಮಫೋನು, ಹಾಡಿನ ತಟ್ಟೆಗಳ ಸಮೇತ. ಎರಡು ಹಿತ್ತಾಳೆ ಕೊಪ್ಪರಿಗೆ. ಹಾಲು ಕರೆಯುವ ಹಸು ಒಂದು. "ಹಸು ಮುದಿಯಾದ್ರೂ ಸಗಣಿ ಹಾಕ್ತದೆ. ನೋಟು ಏನ್ ಹಾಕ್ತದೆ ಹೇಳಿ?"

ನನ್ನ ನಾಲ್ಕು ವರ್ಷದ ಸಂಬಳ ಸೈಕಲ್ಲು ಹತ್ತಿ ಹೋಗುತ್ತಿರುವುದು ಕಣ್ಣಿಗೆ ಕಂಡಿತು. ನೋಟಿಗೆ ಏನೂ ಆಗುವುದಿಲ್ಲ, ದೇವರಾಣೆ ಎಂದೆ. ಹಾಗಾದರೆ ಸಂಬಳ ಯಾಕೆ ಮುಟ್ಟಿಲ್ಲ ಎಂದು ಅವರು ಕೇಳಿದರು. ವ್ರತ ಎಂದೆ. ಅವರು "ಓಹೋ" ಎಂದರು. ದುಡ್ಡಿಲ್ಲದೆ ಹನ್ನೊಂದು ದಿನ ಸುಖವಾಗಿ ಬದುಕಿದ್ದೇವೆ, ಬೇಕಾದರೆ ನೋಡಿ, ರಾಗಿ ಕೂಡ ಇಳಿದಿಲ್ಲ ಎಂದು ಗುಡಾಣದ ಮುಚ್ಚಳ ತೆಗೆದು ತೋರಿಸಿದೆ. ದುಡ್ಡೂ ಖರ್ಚಾಗಿಲ್ಲ, ರಾಗಿಯೂ ಖರ್ಚಾಗಿಲ್ಲ ಎನ್ನುವ ಮನುಷ್ಯನನ್ನು ಯಾರು ನಂಬುತ್ತಾರೆ? ಮುನಿಸ್ವಾಮಪ್ಪನವರು ಹೆಗಲಿನ ವಲ್ಲಿ ಸರಿಮಾಡಿಕೊಂಡು ಎದ್ದರು.

"ಬೀಗರಾಗೋರ ಹತ್ರಾನೇ ಇಷ್ಟು ಮುಚ್ಚಿಡೋ ಮನೆ ಜೊತೆ ನಮಗ್ಯಾಕಪ್ಪ ಸಂಬಂಧ?"

ಅವರು ಹೊಸಿಲು ದಾಟುವ ಮೊದಲು ಗೌರಿ ಅಡಿಗೆಮನೆಯಿಂದ ಹೊರಗೆ ಬಂದಳು. ತಲೆ ತಗ್ಗಿಸಿರಲಿಲ್ಲ.

"ಮಾವ, ಅಣ್ಣ ಏನೂ ಮುಚ್ಚಿಟ್ಟಿಲ್ಲ. ಅವನಿಗೆ ಏನೂ ಗೊತ್ತೇ ಇಲ್ಲ."

ಅವರು ನಿಂತರು. ಗೌರಿ ಗುಡಾಣ ತೋರಿಸಿದಳು. "ದಿನಾ ಮೂರು ಸೇರು ಅಳೆದು ಕೊಡ್ತಾನೆ. ಅತ್ತಿಗೆ ಮುಂದಿನ ಬಾಗಿಲಿಂದ ತಗೊಂಡೋಗಿ ಹಿತ್ತಲಲ್ಲಿ ನನ್ನ ಕೈಗೆ ಕೊಡ್ತಾರೆ. ಅವನು ಸ್ನಾನಕ್ಕೆ ಹೋದಾಗ ನಾನು ಇದಕ್ಕೇ ಸುರೀತೀನಿ. ಹನ್ನೊಂದು ದಿನದಿಂದ ಅವನು ಅಳೀತಿರೋದು ಅದೇ ರಾಗಿ."

"ಮತ್ತೆ ಮನೆ ಸಾಮಾನು?"

"ಇವನು ತಂದು ಹಾಕಿದ್ದ ಬೆಂಕಿಪೊಟ್ಟಣ ಬೀದೀಲಿ ಮಾರ್ದೆ. ಆ ಚಿಲ್ಲರೇಲಿ."

ನಮ್ಮ ಮನೆಯವರು ನೋಟು ಮುರಿಸದೆ ಕಾಸು ಎಣಿಸುತ್ತಿದ್ದುದನ್ನು ನೋಡಿಯೇ ಶೆಟ್ಟರ ಅನುಮಾನ ಬಲವಾದದ್ದು ಎಂದು ನನಗೆ ಹೊಳೆದದ್ದು ಆಗ. ಅಂದರೆ ನನ್ನ ಕಾಫಿಯೂ ದುಡ್ಡಿನದೇ. ನನ್ನ ಪ್ರಬಂಧಕ್ಕೆ ಉರಿದ ಸೀಮೆಎಣ್ಣೆಯೂ ದುಡ್ಡಿನದೇ!

ಮುನಿಸ್ವಾಮಪ್ಪನವರು ಗುಡಾಣ ನೋಡಿದರು. ನನ್ನನ್ನು ನೋಡಿದರು. ಅವರ ಕಣ್ಣಿನ ಅನುಮಾನ ನಿಧಾನವಾಗಿ ಕರಗಿತು. ಅದರ ಜಾಗಕ್ಕೆ ಬಂದದ್ದನ್ನು ನೋಡಿದ ಮೇಲೆ ಅನುಮಾನವೇ ವಾಸಿಯಾಗಿತ್ತು ಅನ್ನಿಸಿತು.

"ಪಾಪ" ಎಂದರು. ಮತ್ತೆ ಕೂತರು. ಜಯಮ್ಮನ ಕಡೆ ತಿರುಗಿ, "ಇಂಥ ಮನುಷ್ಯನಿಗೆ ಯಾವ ಸರ್ಕಾರ ಗುಟ್ಟು ಹೇಳ್ತದಮ್ಮ? ಹಳೇ ಮಾತೇ ಇರ್ಲಿ. ತೋಪಿನ ವ್ಯಾಪಾರ ನೋಡ್ಕೊಳ್ಳೋಕೆ ನಮಗೂ ಇಂಥ ಹುಡುಗಿ ಬೇಕು" ಎಂದರು.

ಗೌರಿ ತಟ್ಟೆಯ ರಾಗಿಯನ್ನು ಗುಡಾಣಕ್ಕೆ ಸುರಿದು, ಸೆರಗಿನ ಗಂಟಿನಿಂದ ಒಂದು ಬೆಳ್ಳಿ ರೂಪಾಯಿ ತೆಗೆದು ಎಲೆಯ ಮೇಲಿಟ್ಟಳು. ಮಾತು ಗಟ್ಟಿಯಾಯಿತು. ಮಾರನೆಯ ದಿನ ನಾನು ಹೋಗಿ ಸಂಬಳ ತಂದೆ. ಶೆಟ್ಟರು ನನ್ನ ನೋಟು ಕಂಡು ಉಸಿರು ಬಿಟ್ಟು, ಚಿಲ್ಲರೆಗೆ ಎರಡು ಬೆಂಕಿಪೊಟ್ಟಣ ಕೊಟ್ಟರು. ತಂದು ಗೌರಿಯ ಕೈಗೆ ಒಪ್ಪಿಸಿದೆ.

ಅಷ್ಟಾದರೂ ತಾಂಬೂಲದ ದಿನ ನಾನು ಮುಟ್ಟಿದ್ದು ತಟ್ಟೆಯನ್ನು, ರೂಪಾಯಿಯನ್ನಲ್ಲ ಎಂದು ನನ್ನ ನೆನಪು. ಜಯಮ್ಮನ ನೆನಪು ಬೇರೆ. ನಾನು ಚಾಚಿದ ತಟ್ಟೆ ವಾಲಿ ರೂಪಾಯಿ ಜಾರಿ ಉರುಳಿತಂತೆ. ಎಲ್ಲರಿಗಿಂತ ಮೊದಲು ಮಂಚದ ಕೆಳಗೆ ತೂರಿ ಅದನ್ನು ಹಿಡಿದವನು ನಾನಂತೆ. ಅವಳ ನೆನಪೂ ಸುಳ್ಳಿರಬಹುದು ಎಂದು ಎಷ್ಟೋ ಸಲ ವಾದಿಸಿದ್ದೇನೆ. ಆದರೆ ಮಂಚದ ಅಂಚು ತಗುಲಿದ ಗುರುತು ತಲೆಯ ಮೇಲೆ ಇನ್ನೂ ಇದೆ. ಮುಚ್ಚಿಕೊಳ್ಳಲು ಬಾಚಣಿಗೆಯೇನೋ ಇದೆ, ಕೂದಲಿಲ್ಲ.