ಗೈಡಮ್ಮನ ಕೋಳಿಕಾಲು

ಒಂದು ಕೋಳಿಕಾಲನ್ನು ಕೈಚೀಲಕ್ಕೆ ಇಳಿಸುವುದಕ್ಕೆ ಎಷ್ಟು ಹೊತ್ತು ಬೇಕು? ಕಣ್ಣು ಮಿಟುಕಿಸುವಷ್ಟು. ಆದರೆ ಅದನ್ನು ಹೊತ್ತುಕೊಂಡು ತಿರುಗುವ ಮಧ್ಯಾಹ್ನ ಇಡೀ ಜನ್ಮದಷ್ಟು ಉದ್ದವಾಗಬಹುದೆಂದು ಗೈಡಮ್ಮನಿಗೆ ಗೊತ್ತಿರಲಿಲ್ಲ.

ಮೃಗಾಲಯ ನೋಡಲು ಬಂದವರಿಗೆ ಪ್ರಾಣಿಗಳ ವಿಷಯ ಹೇಳುತ್ತಾ ಓಡಾಡುವುದು ಆಕೆಯ ಕೆಲಸ. ಅಂದು, ಹೊಸದಾಗಿ ಬಂದ ಮುಖ್ಯಾಧಿಕಾರಿ ಮೇಡಂಗೆ ಸ್ವಾಗತದ ಊಟವಿತ್ತು. ಎಲ್ಲರ ಕಣ್ಣೆದುರು ಗೈಡಮ್ಮ, "ಅಯ್ಯೋ, ನಂಗೆ ಸಾಕಪ್ಪಾ" ಎಂದು ಸೌತೆಕಾಯಿ ಹೋಳುಗಳನ್ನು ಮೆದ್ದು ಎದ್ದಿದ್ದಳು. ಕೈ ತೊಳೆಯಲು ಹೋಗುವಾಗ ಮೇಜಿನ ತುದಿಯಲ್ಲಿ ಮುಚ್ಚಿಟ್ಟ ತಟ್ಟೆಯೊಂದು ಕಂಡಿತು. ಸುಮ್ಮನೆ ಎತ್ತಿ ನೋಡಿದಳು. ಹೊಂಬಣ್ಣಕ್ಕೆ ಹುರಿದ ಕಾಲೊಂದು ಒಳಗೆ ರಾಣಿಯ ಹಾಗೆ ಒರಗಿತ್ತು.

ಮನೆಯಲ್ಲಿ ಕೋಳಿ ಬೆಂದ ದಿನ ಒಂದು ಕಾಲು ಮಾವನಿಗೆ, ಇನ್ನೊಂದು ಮಗನಿಗೆ. ಗಂಡನಿಗೆ ಎದೆಯ ತುಂಡು. ಆಕೆಗೆ ಕತ್ತು. "ನಿಂಗೆ ಕತ್ತೇ ಇಷ್ಟ ಅಲ್ವಾ?" ಎಂದು ಗಂಡ ಪ್ರೀತಿಯಿಂದಲೇ ಬಡಿಸುತ್ತಿದ್ದ. ಇಷ್ಟವೆಂದು ತಾನು ಯಾವಾಗ ಹೇಳಿದೆನೋ ಆಕೆಗೆ ನೆನಪಿಲ್ಲ.

ಔತಣಗಳಿಂದ ಮಕ್ಕಳಿಗೆಂದು ಕಟ್ಟಿಕೊಂಡು ಹೋಗುವಾಗ ಆಕೆಗೆ ಯಾವತ್ತೂ ನಾಚಿಕೆಯಾಗಿರಲಿಲ್ಲ. ಇವತ್ತು ಆಯಿತು, ಏಕೆಂದರೆ ಇದು ಆಕೆಗೇ. ಪಂಪ್‌ಹೌಸಿನ ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂತು, ಯಾರ ಮುಖವನ್ನೂ ನೋಡದೆ, ನಿಧಾನವಾಗಿ ತಿನ್ನಬೇಕೆಂದು ಆಸೆ. ಕಾಗದದಲ್ಲಿ ಸುತ್ತಿ ಬಟ್ಟೆಯ ಚೀಲಕ್ಕೆ ಹಾಕಿಕೊಂಡಳು. ಹೋಗುವ ಮುನ್ನ, ಅಚ್ಚುಕಟ್ಟಿನ ಹೆಂಗಸು ನೋಡಿ, ತಟ್ಟೆಯನ್ನು ಮತ್ತೆ ಮುಚ್ಚಿಟ್ಟಳು.

ಪಂಪ್‌ಹೌಸಿನ ತಿರುವಿನಲ್ಲೇ ಉಗ್ರಾಣದ ಗುಮಾಸ್ತ ಎದುರಾದ. ಯಾರ ಮನೆಯ ಪಾತ್ರೆಯಲ್ಲಿ ಏನು ಕುದಿಯುತ್ತಿದೆ ಎಂಬುದೂ ಗೊತ್ತಿರುವ ಆಸಾಮಿಯಾದ್ದರಿಂದ ಎಲ್ಲರೂ ಅವನನ್ನು ದುರ್ಬೀನು ಎನ್ನುತ್ತಿದ್ದರು.

"ಎಲ್ಲಿಗ್ರೀ ಈ ಕಡೆ? ಮಹಿಳಾ ಸಂಘದೋರು ತೋಳದ ಹತ್ರ ಕಾಯ್ತಿದ್ದಾರೆ. ಹೊಸ ಮೇಡಮ್ಮೂ ನಿಮ್ಮ ಮಾತು ಕೇಳ್ಬೇಕಂತ ಅಲ್ಲೇ ನಿಂತಿದ್ದಾರೆ. ಓಡಿ, ಓಡಿ!"

ಗೈಡಮ್ಮ ಓಡಿದಳು. ಎಡಕ್ಕೆ ತೋಳಗಳ ಬೇಲಿ, ಬಲಕ್ಕೆ ಕತ್ತೆಕಿರುಬದ್ದು. ನಡುವೆ ನಿಂತು ಉಸಿರು ಎಳೆದುಕೊಂಡು ಶುರು ಮಾಡಿದಳು.

"ದೂರದಿಂದ ಎರಡೂ ನಾಯಿ ಥರಾನೇ ಕಾಣುತ್ವೆ. ಹತ್ತಿರದಿಂದ ನೋಡಿ. ತೋಳದ ಬೆನ್ನು ಹಲಗೆ ಇಟ್ಟ ಹಾಗೆ ಸಮ, ಕಿವಿ ಚೂಪು. ಈ ಚುಕ್ಕೆ ಕಿರುಬಕ್ಕೆ ಮುಂಗಾಲು ಉದ್ದ, ಹಿಂಗಾಲು ಗಿಡ್ಡ. ಬೆನ್ನು ಜಾರುಬಂಡೆ, ಕಿವಿ ದುಂಡು."

"ಥೇಟ್ ನಮ್ಮ ಓರಗಿತ್ತಿ ನಡಿಗೆ ಕಣ್ರೀ!" ಎಂದಳೊಬ್ಬ ದಪ್ಪನೆಯ ಹೆಂಗಸು. ಸಂಘವೆಲ್ಲ ಗೊಳ್ಳೆಂದಿತು.

ದಿನಾ ಈ ಹೊತ್ತಿಗೆ ಗೋಣಿಚೀಲದಂತೆ ಬಿದ್ದಿರುತ್ತಿದ್ದ ಕಿರುಬ ಇವತ್ತು ಎದ್ದು ಕೂತಿತು. ಮೂಗು ಎತ್ತಿತು. ನೆಟ್ಟಗೆ ಬೇಲಿಯ ಹತ್ತಿರ ಬಂದು ಗೈಡಮ್ಮನ ಚೀಲವನ್ನು ನೋಡತೊಡಗಿತು.

"ತೋಳ ಬೇಟೆನ ಓಡಿಸಿ ಓಡಿಸಿ ಸುಸ್ತು ಮಾಡಿ ಹಿಡಿಯುತ್ತೆ," ಗೈಡಮ್ಮ ಎರಡು ಹೆಜ್ಜೆ ಎಡಕ್ಕೆ ಸರಿದಳು. ಕಿರುಬವೂ ಸರಿಯಿತು. "ಹೊಟ್ಟೆ ಬಿರಿಯೋ ಹಾಗೆ ತಿಂದು ಬಂದು, ಮರಿಗಳ ಮುಂದೆ ಕಕ್ಕಿ ಕೊಡುತ್ತೆ."

"ನಾವು ಊಟದ ಮನೆಯಿಂದ ಕಟ್ಕೊಂಡು ಬರಲ್ವಾ, ಹಾಗೇ ಅನ್ನಿ. ಪಾಪ, ಅದಕ್ಕೆ ಚೀಲ ಇಲ್ಲ," ಎಂದಳು ಅದೇ ದಪ್ಪನೆಯ ಹೆಂಗಸು.

ಗೈಡಮ್ಮ ತನ್ನ ಚೀಲವನ್ನು ಬೆನ್ನ ಹಿಂದೆ ತಳ್ಳಿದಳು. ಬೆನ್ನ ಹಿಂದೆ ತೋಳಗಳಿದ್ದವು. ಅವೂ ಒಂದೊಂದಾಗಿ ಬಂದು ಬೇಲಿಯ ತಂತಿಗೆ ಮೂಗು ಒತ್ತಿದವು.

"ಈ ಕಿರುಬ ಬರೀ ಕದ್ದು ತಿನ್ನೋದಂತೆ, ಹೌದಾ?" ಅಲ್ಲಿಯವರೆಗೆ ಸುಮ್ಮನಿದ್ದ ಹೊಸ ಮೇಡಂ ಕೇಳಿದರು.

ಗೈಡಮ್ಮನ ಕಿವಿ ಬಿಸಿಯಾಯಿತು. "ಅದು ಸುಮ್ನೆ ಕಟ್ಟಿರೋ ಹೆಸರು ಮೇಡಂ. ಹೆಚ್ಚಿನದೆಲ್ಲ ತಾನೇ ಬೇಟೆ ಆಡಿದ್ದು. ಎಲ್ಲೋ ಒಂದೊಂದ್ಸಲ ಬೇರೆಯವರದ್ದಕ್ಕೆ ಬಾಯಿ ಹಾಕುತ್ತೆ. ಅದಕ್ಕೂ ಆಸೆ ಇರುತ್ತಲ್ಲ? ತಿಂದ್ರೆ ಮೂಳೆನೂ ಬಿಡಲ್ಲ, ಅಗಿದು ಪುಡಿ ಮಾಡುತ್ತೆ. ಮತ್ತೆ ಇವುಗಳಲ್ಲಿ ಹೆಣ್ಣಿನದೇ ಯಜಮಾನಿಕೆ. ದೊಡ್ಡ ಹೆಣ್ಣು ಮೊದಲು ತಿನ್ನುತ್ತೆ. ಗಂಡುಗಳು ಕಾಯ್ತಾವೆ."

ಸಂಘದವರು ಚಪ್ಪಾಳೆ ತಟ್ಟಿದರು. ಕಿರುಬ ಹಲ್ಲು ಕಿರಿದು ಕಿಕ್ಕಿಕ್ಕಿ ಎಂದು ನಕ್ಕಂತೆ ಕೂಗಿತು.

"ನಿಮ್ಮ ಮೇಲೆ ಎಷ್ಟು ಪ್ರೀತಿರೀ ಅದಕ್ಕೆ!" ಎಂದಳು ಸಂಘದವಳೊಬ್ಬಳು.

"ದಿನಾ ನೋಡುತ್ತಲ್ಲ, ಅದಕ್ಕೆ," ಎಂದಳು ಗೈಡಮ್ಮ. ಚೀಲದ ತಳದಲ್ಲಿ ಎಣ್ಣೆ ಭೂಪಟದಂತೆ ಹರಡುತ್ತಿತ್ತು.

ಅಷ್ಟರಲ್ಲಿ ದುರ್ಬೀನು ಏದುಸಿರು ಬಿಡುತ್ತಾ ಬಂದ. "ಮೇಡಂ, ನಿಮಗೆ ಅಂತ ಎತ್ತಿಟ್ಟಿದ್ದ ಕೋಳಿಕಾಲು ಮಾಯ! ಅಡುಗೆಯವನು ಬೆಕ್ಕು ಅಂತಾನೆ. ಬೆಕ್ಕು ತಿಂದು ತಟ್ಟೆ ಮುಚ್ಚಿಟ್ಟು ಹೋಗುತ್ತಾ?" ಎಂದವನ ನೋಟ ಕಿರುಬದ ಮೂಗನ್ನು ಹಿಡಿದು ಚೀಲಕ್ಕೆ ಬಂದು ನಿಂತಿತು. "ಗೈಡಮ್ಮಾ, ನಿಮ್ಮ ಚೀಲ ಯಾಕೆ ಸೋರ್ತಿದೆ?"

"ಅದು... ತಲೆಗೆ ಹಚ್ಚೋ ಎಣ್ಣೆ."

"ಓಹೋ! ಕಿರುಬಕ್ಕೂ ತಲೆಗೆ ಬೇಕಾಗಿದೆ ಪಾಪ."

ನಗೆಯ ಅಲೆಯಲ್ಲಿ ಗೈಡಮ್ಮ ಮುಳುಗಿಯೇ ಹೋದಳು. ಭೂಮಿ ಬಾಯಿಬಿಡಬೇಕಿತ್ತು, ಬಿಟ್ಟಿದ್ದು ತೋಳಗಳು ಮಾತ್ರ.

"ನನ್ನ ಕೋಣೆಗೆ ಬನ್ನಿ," ಎಂದರು ಮೇಡಂ. "ಚೀಲ ತಗೊಂಡು."

ಕೋಣೆಯ ಬಾಗಿಲಿಗೆ ಚಿಲಕ ಬಿತ್ತು. ಗೈಡಮ್ಮ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಮಕ್ಕಳಿಗೆ ಅಂತ ತಗೊಂಡೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂದಿದ್ದರೆ ಯಾರಾದರೂ ಕ್ಷಮಿಸುತ್ತಿದ್ದರು. ಅದನ್ನು ನುಂಗಿಕೊಂಡಳು.

"ತಪ್ಪಾಯ್ತು ಮೇಡಂ. ನನಗೇ ಅಂತ ತಗೊಂಡೆ."

ಮೇಡಂ ಪೊಟ್ಟಣವನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ಕಾಗದ ಬಿಡಿಸುತ್ತಾ ಮೆಲ್ಲಗೆ ಕೇಳಿದರು, "ಮನೇಲಿ ನಿಮಗೆ ಏನು ಬರುತ್ತೆ?"

"ಕತ್ತು."

"ನಂಗೆ ರೆಕ್ಕೆ. ಕಾಲು ಅತ್ತೆಗೆ, ಅಳಿಯನಿಗೆ. ಇವತ್ತು ನನ್ನದೇ ಊಟ, ಆದ್ರೂ ಎಲ್ಲರೂ ನನ್ನ ಬಾಯನ್ನೇ ನೋಡ್ತಿದ್ರು. ಸೊಪ್ಪು ತಿಂದು ಎದ್ದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಗೈಡಮ್ಮನ ಎದೆಯ ಮೇಲಿನ ಕಲ್ಲು ಇಳಿಯಿತು. ಅರ್ಧ ಅರ್ಧ ಮಾಡುತ್ತಾರೆ ಎಂದುಕೊಂಡು ಕುರ್ಚಿಯನ್ನು ತುಸು ಮುಂದೆಳೆದಳು.

ಮೇಡಂ ಅಂಗಿಯ ತೋಳು ಮಡಚಿ, ಕಾಲನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಕಚ್ಚಿದರು. ಮತ್ತೆ ಕಚ್ಚಿದರು. ಗೈಡಮ್ಮ ಕಾದಳು. ಮಾಂಸ ಮುಗಿಯಿತು. ಮೂಳೆಯ ಗೆಣ್ಣು ಕಟಕಟ ಎಂದಿತು. ಆ ಸದ್ದಿಗೆ ತನ್ನ ಬಾಯಲ್ಲಿ ನೀರೂರಿದ್ದಕ್ಕೆ ಗೈಡಮ್ಮನಿಗೆ ಕದ್ದದ್ದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಮೇಡಂ ತುಟಿ ಒರೆಸಿಕೊಂಡರು. ಉಳಿದ ಮೂಳೆಯ ಚೂರನ್ನು ಕಾಗದದಲ್ಲಿ ಸುತ್ತಿ ಗೈಡಮ್ಮನ ಚೀಲಕ್ಕೇ ಹಾಕಿ ಬಾಗಿಲು ತೆಗೆದರು. ಹೊರಗೆ ದುರ್ಬೀನು, ಅಡುಗೆಯವನು, ಮಹಿಳಾ ಸಂಘದ ಅರ್ಧ ಪಾಲು ನಿಂತಿತ್ತು.

"ಒಪ್ಕೊಂಡಿದ್ದಾರೆ," ಮೇಡಂ ಗಂಭೀರವಾಗಿ ಹೇಳಿದರು. "ಪಾಪ, ಆಸೆ ತಡೀಲಾರದೆ ಪೂರ್ತಿ ತಿಂದುಬಿಟ್ಟಿದ್ದಾರೆ. ಯಾರೂ ಏನೂ ಅನ್ನಬೇಡಿ."

ದುರ್ಬೀನು ಚೀಲಕ್ಕೆ ಇಣುಕಿ ನೋಡಿದ. "ಅಯ್ಯಯ್ಯೋ! ಮೂಳೆನೂ ಅಗಿದುಬಿಟ್ಟಿದ್ದೀರಲ್ಲ ಗೈಡಮ್ಮಾ! ಅಷ್ಟು ರುಚಿ ಇತ್ತಾ?"

ಗೈಡಮ್ಮ ತಲೆ ತಗ್ಗಿಸಿದಳು.

"ಇತ್ತು ಅಂತ ಕಾಣುತ್ತೆ," ಎಂದಳು.