ಮಿಡ್ ಲೇಯರ್, ಮಡಿ ಲೇಯರ್

ಸ್ವೆಟರ್ ಎಂಬ ಒಂದೇ ಮಾತಿನಲ್ಲಿ ಇಡೀ ಚಳಿಗಾಲವನ್ನು ಮುಗಿಸಿಬಿಡುವ ಜನ ನಾವು. ಮೈಸೂರಿನಲ್ಲಿ ಧನುರ್ಮಾಸ ಬಂತೆಂದರೆ ಟ್ರಂಕಿನಿಂದ ನುಸಿಗುಳಿಗೆಯ ವಾಸನೆ ಹೊತ್ತ ಸ್ವೆಟರು ಹೊರಬರುತ್ತಿತ್ತು; ಸಂಕ್ರಾಂತಿಯ ಎಳ್ಳು ಬೀರುವಷ್ಟರಲ್ಲಿ ಮತ್ತೆ ಅದೇ ವಾಸನೆಯೊಳಕ್ಕೆ ಹೋಗುತ್ತಿತ್ತು. ಅದು ದಪ್ಪವೋ ತೆಳುವೋ, ಉಣ್ಣೆಯೋ ಇನ್ನೇನೋ ಎಂದು ಯಾರೂ ಕೇಳಿದವರಲ್ಲ. ಚಿಕ್ಕಮ್ಮ ಹೆಣೆದದ್ದು ಎಂದರೆ ಮುಗಿಯಿತು, ಒಂದು ತೋಳು ಉದ್ದವಿದ್ದರೂ ತೊಡಬೇಕು. ಇಂಥ ಮನೆತನದಿಂದ ಬಂದ ನನಗೆ, ಚಳಿಯನ್ನು ಮೂರು ಪದರಗಳಲ್ಲಿ ಎದುರಿಸಬೇಕು, ಆ ಮೂರಕ್ಕೂ ಬೇರೆ ಬೇರೆ ಹೆಸರುಂಟು ಎಂಬ ಸಂಗತಿ ತಿಳಿದದ್ದು ತಲೆಗೂದಲು ಉದುರತೊಡಗಿದ ಮೇಲೆ, ಮೆಲ್ಬರ್ನಿನಲ್ಲಿ.

ಅದಕ್ಕೆ ಕಾರಣ ನನ್ನ ಮ್ಯಾನೇಜರು. ಪುಣ್ಯಾತ್ಮನಿಗೆ ಟೀಮಿನಲ್ಲಿ ಒಗ್ಗಟ್ಟು ಕಡಿಮೆಯಾಗಿದೆ ಅನಿಸಿತು. ಒಗ್ಗಟ್ಟು ಬೇಕಾದರೆ ಮಸಾಲೆದೋಸೆ ಕೊಡಿಸಬಹುದಿತ್ತು. ಅವನು ಜುಲೈ ತಿಂಗಳ ನಟ್ಟನಡು ಚಳಿಯಲ್ಲಿ ಹಿಮ ಬಿದ್ದ ಬೆಟ್ಟವೊಂದರ ಮೇಲೆ ದಿನವಿಡೀ ನಡೆಯೋಣ ಎಂದ. ನನಗೆ ಬೆಟ್ಟ ಎಂದರೆ ಚಾಮುಂಡಿ ಬೆಟ್ಟ. ಅಲ್ಲಿ ಮೆಟ್ಟಿಲುಂಟು, ನಡುವೆ ಸುಧಾರಿಸಿಕೊಳ್ಳಲು ನಂದಿಯುಂಟು, ಮೇಲೆ ತಲುಪಿದರೆ ದೇವಿಯುಂಟು. ಇವನ ಬೆಟ್ಟದ ಮೇಲೆ ಏನುಂಟು ಎಂದು ಕೇಳಿದೆ. "ವ್ಯೂ" ಎಂದ.

ಅದೇ ಹೊತ್ತಿಗೆ ಮನೆಯಲ್ಲಿ ಇದಕ್ಕಿಂತ ದೊಡ್ಡ ತಲೆನೋವಿತ್ತು. ಆರು ತಿಂಗಳಿಗೆಂದು ಬಂದಿದ್ದ ಅಮ್ಮ ಬೆಳಗಿನ ಜಾವವೇ ಸ್ನಾನ ಮಾಡಿ, ಮಡಿಸೀರೆ ಉಟ್ಟು, ದೇವರಪೂಜೆ ಮುಗಿಸಿ, ಮಡಿಯಲ್ಲೇ ಅಡುಗೆ ಮಾಡುವವಳು. ನಮ್ಮದು ಊರಂಚಿನ ಡ್ಯಾಂಡಿನಾಂಗಿನ ಒಂದು ಹಳೇ ಬಾಡಿಗೆ ಮನೆ. ಹೀಟರು ನಡುಮನೆಯಲ್ಲಿ, ಅಡುಗೆಮನೆಯ ನೆಲ ಮಂಜುಗಡ್ಡೆ. ಯಾರೂ ಮುಟ್ಟದಂತೆ ಒಣಹಾಕಿದ ಸೀರೆ ಮೆಲ್ಬರ್ನಿನ ಚಳಿಯಲ್ಲಿ ಎರಡು ದಿನವಾದರೂ ಒಣಗುತ್ತಿರಲಿಲ್ಲ. ಡ್ರೈಯರಿಗೆ ಹಾಕೋಣವೆಂದರೆ, "ನಿಮ್ಮ ಕಾಲುಚೀಲ ಹಾಕೋ ಡಬ್ಬಕ್ಕಾ? ಶಿವ ಶಿವಾ!" ಅರೆಒದ್ದೆ ಸೀರೆಯಲ್ಲೇ ನಿಂತು ಹುಳಿ ಕುದಿಸುತ್ತಾ ಕೆಮ್ಮುವಳು. ನಮಗೆ ಆ ಕೆಮ್ಮೇ ಅಲಾರಾಮು.

ನನ್ನ ಹೆಂಡತಿ ವಸುಧಾ ತನ್ನ ಫ್ಲೀಸ್ ಜಾಕೆಟ್ ಕೊಡಲು ಹೋದಳು. ಫ್ಲೀಸನ್ನು ಪ್ಲಾಸ್ಟಿಕ್ ಬಾಟಲಿ ಕರಗಿಸಿ ಮಾಡುತ್ತಾರೆಂದು ನಮ್ಮ ಮಗಳು ಸ್ಕೂಲಿನಲ್ಲಿ ಕಲಿತದ್ದನ್ನು ಅಜ್ಜಿಗೆ ಮೊದಲೇ ಹೇಳಿಬಿಟ್ಟಿದ್ದಳು. "ಯಾರೋ ಎಂಜಲು ಮಾಡಿದ ಬಾಟ್ಲಿ ಮೈಮೇಲೆ ಹಾಕ್ಕೊಂಡು ದೇವರ ಮುಂದೆ ಕೂತ್ಕೊಳ್ಲಾ?" ಎಂದಳು ಅಮ್ಮ. ಶಾಲು ಹೊದ್ದುಕೋ ಎಂದರೆ, "ಹೊದ್ಕೊಂಡು ಒಗ್ಗರಣೆ ಹಾಕಿದ್ರೆ ನಂಗೇ ಒಗ್ಗರಣೆ ಬೀಳತ್ತೆ." ಇದನ್ನೆಲ್ಲ ಸಿಡ್ನಿಯಿಂದ ಫೋನಿನಲ್ಲಿ ಕೇಳುತ್ತಿದ್ದ ತಂಗಿ ಪದ್ಮ ಪಟ್ಟು ಹಿಡಿದಳು. "ಅಣ್ಣಾ, ಸುಮ್ನೆ ಅಮ್ಮನ್ನ ಇಲ್ಲಿಗೆ ಕಳಿಸು. ಸಿಡ್ನಿ ಚಳಿ ಚಳಿಯೇ ಅಲ್ಲ. ಈ ಶನಿವಾರದೊಳಗೆ ಹೇಳು, ಟಿಕೆಟ್ ಬುಕ್ ಮಾಡ್ತೀನಿ." ಅವಳು ಹೇಳಿದ್ದು ಸರಿಯೇ. ಆದರೆ ಅಮ್ಮನನ್ನು ಕಳಿಸಲು ಮನಸ್ಸಿಲ್ಲದೆ, ನಾಳೆ ಹೇಳುತ್ತೇನೆ ಎಂದು ದಿನ ತಳ್ಳುತ್ತಿದ್ದೆ. ಅಮ್ಮನ ಕೈಯ ಸಾರಿಗಾಗಿ ಎಂದು ವಸುಧಾ ಹಂಗಿಸಿದಳು. ಸಾರಿಗಾಗಿಯೂ ಹೌದು. ಅಷ್ಟು ವರ್ಷಗಳ ಮೇಲೆ ಅಮ್ಮ ನನ್ನ ಮನೆಯಲ್ಲಿದ್ದಳು, ನನಗೆ ಅವಳು ಬೇಕಾಗಿತ್ತು, ಅಷ್ಟೆ.

ಈ ಯೋಚನೆಯಲ್ಲೇ ಬೆಟ್ಟದ ಬಟ್ಟೆ ಕೊಳ್ಳಲು ಅಂಗಡಿಗೆ ಹೋದೆ. "ಒಂದು ಸ್ವೆಟರ್ ಬೇಕು" ಎಂದೆ. ಕೌಂಟರಿನ ಹುಡುಗಿ ನನ್ನನ್ನು ಕನಿಕರದಿಂದ ನೋಡಿ ಪಾಠ ಶುರುಮಾಡಿದಳು. ಮೈಗಂಟಿದ್ದು ಬೇಸ್ ಲೇಯರ್, ಅದು ಬೆವರು ಹೀರುತ್ತದೆ. ಹೊರಗಿನದು ಗಾಳಿ ಮಳೆ ತಡೆಯುತ್ತದೆ. ಇವೆರಡರ ನಡುವೆ ಬೆಚ್ಚಗಿಡುವುದು ಮಿಡ್ ಲೇಯರ್. ಅದಕ್ಕೆ ಮೆರಿನೊ ಕುರಿಯ ಉಣ್ಣೆಯೇ ಶ್ರೇಷ್ಠ. ದಪ್ಪ ಎಷ್ಟು ಗ್ರಾಮಿನದು ಬೇಕು ಎಂದಳು. ಬದನೆಕಾಯಿ ಕೊಂಡು ಗೊತ್ತೇ ಹೊರತು ಅಂಗಿಯನ್ನು ಗ್ರಾಮಿನಲ್ಲಿ ಕೊಂಡವನಲ್ಲ ನಾನು. "ಮೀಡಿಯಂ" ಎಂದೆ. ಪೂರ್ತಿ ಜಿಪ್ಪೋ ಅರ್ಧ ಜಿಪ್ಪೋ? ಅರ್ಧ. ಬಿಗಿಯಾದರೆ ಒಳಗೆ ಗಾಳಿ ನಿಲ್ಲದು, ಸಡಿಲವಾದರೆ ಮೇಲಿನ ಜಾಕೆಟ್ಟು ಹತ್ತದು ಎಂದು ನಾಲ್ಕು ಅಳತೆ ತೊಡಿಸಿ ನೋಡಿದಳು. ನಮ್ಮ ಮನೆಯಲ್ಲಿ ಹೆಣ್ಣು ನೋಡಲು ಹೋದಾಗಲೂ ಇಷ್ಟು ವಿಚಾರಣೆ ನಡೆದಿರಲಿಲ್ಲ. ಕೊನೆಗೊಂದು ಕಪ್ಪು ಮೆರಿನೊ ಹಿಡಿದು ಮನೆಗೆ ಬಂದೆ.

"ಏನೋ ಅದು?" ಎಂದಳು ಅಮ್ಮ, ಕೆಮ್ಮಿನ ನಡುವೆ.

"ಮಿಡ್ ಲೇಯರ್ ಅಮ್ಮ. ಅಪ್ಪಟ ಕುರಿ ಉಣ್ಣೆ. ದಿನಾ ಒಗೀಬೇಕಾಗಿಲ್ಲ, ವಾಸನೆ ಬರಲ್ಲ, ಒಳಗೆ ಒದ್ದೆ ಇದ್ರೂ ಬೆಚ್ಚಗೇ ಇರತ್ತಂತೆ." ಅಂಗಡಿಯ ಪಾಠವನ್ನು ಹಾಗೇ ಒಪ್ಪಿಸಿ ನಾನು ಟೀವಿ ಮುಂದೆ ಕೂತೆ. ಅಮ್ಮ ಅದನ್ನು ಬೆರಳಲ್ಲಿ ಉಜ್ಜಿ ನೋಡಿ, "ಅಂತೂ ಈ ದೇಶದೋರ್ಗೂ ಗೊತ್ತಿದೆಯಲ್ಲ" ಎಂದಳು. ಏನು ಗೊತ್ತಿದೆ ಎಂದು ನಾನು ಕೇಳಲಿಲ್ಲ.

ಮಾರನೆಯ ಬೆಳಗ್ಗೆ ಕೆಮ್ಮು ಕೇಳಿಸಲಿಲ್ಲ. ಗಾಬರಿಯಾಗಿ ಅಡುಗೆಮನೆಗೆ ಓಡಿದೆ. ಅಮ್ಮ ಅಲ್ಲೇ ಮೂಲೆಯ ದೇವರ ಗೂಡಿನ ಮುಂದೆ ಕೂತಿದ್ದಳು. ಸೀರೆಯ ಮೇಲೆ ನನ್ನ ಕಪ್ಪು ಮೆರಿನೊ, ತೋಳು ಎರಡು ಮಡಿಕೆ ಮಡಚಿ, ಜಿಪ್ಪು ಮಂಗಳಸೂತ್ರ ಕಾಣುವಷ್ಟೇ ಇಳಿಸಿ, ಶಾಸ್ತ್ರೋಕ್ತವಾಗಿ ಘಂಟೆ ಬಾರಿಸುತ್ತಿದ್ದಳು.

"ಅಮ್ಮಾ, ಅದು..."

"ಮುಟ್ಟಬೇಡ! ಮಡೀಲಿದ್ದೀನಿ."

"ಅದು ನನ್ನ ಮಿಡ್ ಲೇಯರ್!"

"ಗೊತ್ತು ಕಣೋ. ಮಡಿ ಲೇಯರ್ ಅಂತ ನಿನ್ನೆ ನೀನೇ ತಾನೇ ಹೇಳಿದ್ದು?"

ನಾನು ಬಾಯಿ ತೆರೆದೆ. ಅಮ್ಮ ಅವಕಾಶ ಕೊಡಲಿಲ್ಲ. ಅವಳ ಅತ್ತೆ ಧಾಬಳಿ ಉಟ್ಟೇ ಅಡುಗೆ ಮಾಡುತ್ತಿದ್ದರಂತೆ. ಧಾಬಳಿ ಎಂದರೆ ಉಣ್ಣೆಯ ಮಡಿವಸ್ತ್ರ. ಉಣ್ಣೆಗೆ ಮೈಲಿಗೆಯಿಲ್ಲ, ಹತ್ತಿಯ ಹಾಗೆ ದಿನಾ ಒಗೆದು ಒಣಗಿಸುವ ಕಾಟವಿಲ್ಲ. ಸೂಟ್‌ಕೇಸಿನಲ್ಲಿ ತನ್ನ ಧಾಬಳಿ ಬಿಟ್ಟು ಹಪ್ಪಳ ತುಂಬಿಕೊಂಡು ಬಂದದ್ದಕ್ಕೆ ಅಷ್ಟು ದಿನವೂ ಪರಿತಪಿಸಿದ್ದಳಂತೆ. "ಹೊಲಿಗೆ ಹಾಕಿದ್ದು ಮಡಿಗೆ ಆಗುತ್ತಾ?" ಎಂದು ವಕೀಲಿ ಮಾಡಿ ನೋಡಿದೆ. "ನನ್ನ ಕುಪ್ಪಸ ಏನು ಗಿಡದಲ್ಲಿ ಬಿಟ್ಟಿದ್ದಾ? ನೀರು ಚಿಮುಕಿಸಿ ತಗೊಂಡಿದ್ದೀನಿ, ಎಲ್ಲಾ ಸರಿಹೋಯ್ತು" ಎಂದಳು. ಅಂಗಡಿಯಲ್ಲಿ ಅದನ್ನು ಎಷ್ಟು ಜನ ತೊಟ್ಟು ನೋಡಿದ್ದರೋ, ನಾನು ಆ ಮಾತೆತ್ತಲಿಲ್ಲ. ನಡುಮನೆಯಿಂದ ಇಣುಕಿದ ಮಗಳು, "ಅಜ್ಜಿ, ಯು ಲುಕ್ ಸೋ ಕೂಲ್!" ಎಂದಳು. "ಕೂಲ್ ಅಲ್ಲ ಪುಟ್ಟಿ, ಬೆಚ್ಚಗಿದ್ದೀನಿ" ಎಂದಳು ಅಮ್ಮ.

ಶನಿವಾರ ನಾನು ಮೈಸೂರಿನಿಂದ ತಂದಿದ್ದ ಚಿಕ್ಕಮ್ಮನ ಸ್ವೆಟರಿನಲ್ಲೇ ಬೆಟ್ಟ ಹತ್ತಿದೆ. ಬೆವರು, ಜಿನುಗು ಮಳೆ ಎರಡನ್ನೂ ಕುಡಿದು ಅದು ಒದ್ದೆ ಕಂಬಳಿಯಂತೆ ತೂಗಿತು. ಉದ್ದದ ತೋಳಂತೂ ಮೊಣಕಾಲು ಮುಟ್ಟಿತು. ವ್ಯೂ ಮಂಜಿನಲ್ಲಿ ಮುಚ್ಚಿಹೋಗಿತ್ತು. ಹಲ್ಲು ಕಟಕಟ ಎನ್ನುತ್ತಾ ಮನೆ ಬಾಗಿಲಿಗೆ ಬಂದರೆ, ಒಳಗೆ ಅಮ್ಮ ಪದ್ಮನ ಜೊತೆ ಫೋನಿನಲ್ಲಿದ್ದಳು. ಗಡುವಿನ ದಿನ ಅದೇ. ನಾನು ಬೂಟು ಬಿಚ್ಚುವುದನ್ನೂ ಮರೆತು ಕಿವಿಗೊಟ್ಟೆ.

"ಟಿಕೆಟ್ಟೂ ಬೇಡ, ಗಿಕೆಟ್ಟೂ ಬೇಡ ಕಣೆ. ಕೆಮ್ಮು ಎಷ್ಟೋ ವಾಸಿ. ನಿಮ್ಮಣ್ಣ ನಂಗೋಸ್ಕರ ಅಂಗಡಿ ಅಂಗಡಿ ಅಲೆದು ಮಡಿ ಲೇಯರ್ ತಂದ್ಕೊಟ್ಟಿದ್ದಾನೆ. ಚಳಿ ಮುಗಿಯೋವರೆಗೂ ಇಲ್ಲೇ ಇರ್ತೀನಿ."

ಅಬ್ಬಾ! ಹೊಸ್ತಿಲಲ್ಲೇ ಕೂತು ಬೂಟು ಬಿಚ್ಚಿದೆ. ಒದ್ದೆ ಸ್ವೆಟರಿನೊಳಗೆ ನಡುಗುತ್ತಿದ್ದರೂ ಮನಸ್ಸು ಹಗುರವಾಗಿ, ಸುಮ್ಮನೆ ನಗು ಬರುತ್ತಿತ್ತು. ನಾನು ಮಾಡದ ಉಪಕಾರದ ಕೀರ್ತಿಯನ್ನು ಬೇಡವೆನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ. ಅದನ್ನೂ ಇಟ್ಟುಕೊಂಡೆ.

ಇನ್ನೊಂದು ಕೊಳ್ಳಬಾರದಿತ್ತೇ ಎಂದು ನೀವು ಕೇಳಬಹುದು. ಕೊಂಡೆ ಸ್ವಾಮಿ. "ಒಳ್ಳೇದಾಯ್ತು, ಪೂಜೆಗೊಂದು ಅಡುಗೆಗೊಂದು" ಎಂದು ಅಮ್ಮ ಅದಕ್ಕೂ ನೀರು ಚಿಮುಕಿಸಿದಳು. ಎರಡೂ ಈಗ ದೇವರ ಗೂಡಿನ ಪಕ್ಕದ ಗೂಟದಲ್ಲಿ ತೂಗುತ್ತವೆ. ಮೈಲಿಗೆ ಕೈಯಲ್ಲಿ ಮುಟ್ಟುವಂತಿಲ್ಲ. ಒಂದು ಭಾನುವಾರ ಚಳಿ ತಡೆಯಲಾರದೆ ಅಂಗಲಾಚಿದೆ. "ಸ್ನಾನ ಮಾಡಿ, ಸಂಧ್ಯಾವಂದನೆಗೆ ಕೂತ್ಕೋ. ಆಗ ಧಾರಾಳವಾಗಿ ಹಾಕ್ಕೋ" ಎಂದಳು ಅಮ್ಮ.

ಕಾಲೇಜು ಸೇರಿದಾಗ ಬಿಟ್ಟ ಸಂಧ್ಯಾವಂದನೆಯನ್ನು ಹೀಗೆ ಮತ್ತೆ ಹಿಡಿದೆ. ಆಸ್ಟ್ರೇಲಿಯಾಕ್ಕೆ ಬಂದ ಮೇಲೆ ಮಗನಿಗೆ ದೈವಭಕ್ತಿ ಹೆಚ್ಚಿದೆ ಎಂದು ಅಮ್ಮ ಸಿಡ್ನಿಗೂ ಮೈಸೂರಿಗೂ ಫೋನಿನಲ್ಲಿ ಸಾರಿದ್ದಾಳೆ. ನಾನೂ ಅಲ್ಲಗಳೆಯುವುದಿಲ್ಲ. ಜಿಪ್ಪನ್ನು ಗಂಟಲವರೆಗೆ ಎಳೆದು ಬೆಚ್ಚಗೆ ಕೂತು, ಮರೆತ ಮಂತ್ರವನ್ನು ಎರಡೆರಡು ಸಲ, ನೆನಪಿರುವುದನ್ನು ಮೂರು ಸಲ ಹೇಳುತ್ತೇನೆ. ಬೇಗ ಮುಗಿಸಿದರೆ ಬಿಚ್ಚಿಡಬೇಕಲ್ಲ.